ಕೊಳವೆಬಾವಿಯ ನೀರು ಮತ್ತು ಎಳೆಯ ಮಿದುಳು

ಫ್ಲೋರೈಡ್ ಎಂದೊಡನೆ ನಮಗೆ ನೆನಪಾಗುವುದು ಹಲ್ಲು. ಪಾವಗಡ, ಮುಂಡರಗಿ ಸೀಮೆಯ ಮಕ್ಕಳ ಕಂದುಗಟ್ಟಿದ ಹಲ್ಲುಗಳನ್ನೂ ಹಿರಿಯರ ಬಾಗಿದ ಬೆನ್ನುಗಳನ್ನೂ ಪತ್ರಿಕೆಗಳ ಚಿತ್ರಗಳಲ್ಲಿ ನೋಡಿದ್ದೇವೆ. ಅತಿಯಾದ ಫ್ಲೋರೈಡ್ ಬೆಳೆಯುವ ಮಿದುಳಿಗೂ ಹಾನಿಕರವೆಂಬ ವಿಚಾರ ಈಚಿನ ವರ್ಷಗಳಲ್ಲಿ ಬಲಗೊಂಡಿದೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ನದಿನೀರು ತಲುಪದ ಊರು, ದೊಡ್ಡಿ, ತೋಟದ ಮನೆಗಳಿಗೆ ಕೊಳವೆಬಾವಿಯೇ ಆಧಾರ. ಗರ್ಭಿಣಿಯರೂ ಕೂಸುಗಳೂ ಇರುವ ಮನೆಯವರು ಇದನ್ನು ತಿಳಿದಿರಬೇಕೆಂಬುದು ನಮ್ಮ ಆಶಯ.

ನಮ್ಮದು ಗಟ್ಟಿಶಿಲೆಯ ನೆಲ. ಈ ಶಿಲೆಗಳಲ್ಲಿನ ಅಭ್ರಕ, ಅಪಟೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಒಂದೇ ಬಗೆಯದಾಗಿರಬೇಕೆಂದಿಲ್ಲ. ಕಾವೇರಿ, ಸುವರ್ಣಾವತಿಯಂಥ ಹರಿಯುವ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ, ಮಳೆನೀರಿನಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ಜಲಮೂಲವಿಲ್ಲದ ಕಡೆ 1.5ರವರೆಗೆ ಅವಕಾಶವಿದೆ.

ತಾಯಿಯ ರಕ್ತದಲ್ಲಿನ ಫ್ಲೋರೈಡ್ ಮಾಸುವಿನ ಮೂಲಕ ಗರ್ಭದ ಶಿಶುವನ್ನು ಸೇರುತ್ತದೆ. ರಕ್ತದಿಂದ ಬರುವ ಬೇಡದ ವಸ್ತುಗಳನ್ನು ತಡೆಯುವ ಮಿದುಳಿನ ಕಾವಲು ಆಗಿನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ಮಿತಿಮೀರಿದ ಫ್ಲೋರೈಡ್ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೂ ಅಡ್ಡಿಯಾಗಬಹುದೆಂದು ಸಂಶೋಧಕರು ಶಂಕಿಸುತ್ತಾರೆ. ಮಗುವಿನ ಮಿದುಳು ಬೆಳೆಯಲು ಆ ಗ್ರಂಥಿಯ ರಸ ಬೇಕೇ ಬೇಕು.

ನಮ್ಮ ನೆರೆಯ ಮೈಸೂರು ಜಿಲ್ಲೆಯಲ್ಲಿಯೇ ಇದರ ಅಧ್ಯಯನ ನಡೆದಿದೆ. ನೀರಿನ ಫ್ಲೋರೈಡ್ ಲೀಟರಿಗೆ 0.4, 1.2 ಮತ್ತು 2 ಮಿಲಿಗ್ರಾಂ ಇದ್ದ ಮೂರು ಗ್ರಾಮಗಳಲ್ಲಿ 10ರಿಂದ 12 ವರ್ಷದ 405 ಶಾಲಾಮಕ್ಕಳ ಬುದ್ಧಿಸೂಚ್ಯಂಕವನ್ನು ಅಳೆದು, 2015ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಹೆಚ್ಚು ಫ್ಲೋರೈಡಿನ ಗ್ರಾಮದಲ್ಲಿ 90ಕ್ಕಿಂತ ಕಡಿಮೆ ಅಂಕ ಪಡೆದ ಮಕ್ಕಳ ಪ್ರಮಾಣ ಹೆಚ್ಚಾಗಿತ್ತು. ಬಾಗಲಕೋಟೆ ಜಿಲ್ಲೆಯ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿದರೆ, ದಾವಣಗೆರೆ ಜಿಲ್ಲೆಯ ಎರಡು ಹಳ್ಳಿಗಳ ಹೋಲಿಕೆಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಬಡತನ, ಅಪೌಷ್ಟಿಕತೆ, ಹೆತ್ತವರ ಓದು ಇವೆಲ್ಲ ಮಕ್ಕಳ ಕಲಿಕೆಯನ್ನು ಪ್ರಭಾವಿಸುವುದರಿಂದ ಇಂಥ ಒಂದೇ ಅಧ್ಯಯನವನ್ನು ನಂಬಿ ತೀರ್ಪು ಕೊಡಲಾಗದು. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮವು 2024ರಲ್ಲಿ, 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿಗೂ ಮಕ್ಕಳ ಬುದ್ಧಿಸೂಚ್ಯಂಕ ತಗ್ಗುವುದಕ್ಕೂ ಸಂಬಂಧವಿದೆಯೆಂದು ಮಧ್ಯಮ ಮಟ್ಟದ ಭರವಸೆಯಿಂದ ಹೇಳಿತು. ಅಂಥ ನೀರು ಕುಡಿದ ಮಗು ದಡ್ಡನಾಗಿಬಿಡುತ್ತದೆಂದು ಇದರ ಅರ್ಥವಲ್ಲ. ಅಂಥ ಮಾತನ್ನು ಮಕ್ಕಳ ಕಿವಿಗೆ ಬೀಳುವಂತೆ ಆಡಲೂಬಾರದು.

ನಮಗೆ ಹೆಚ್ಚು ಕಳವಳ ತರುವ ಸಂಗತಿ ಬೇರೆ. ಹಲ್ಲಿನಲ್ಲಿ ಕಲೆ ಕಂಡಾಗ ನೀರು ಬದಲಿಸಿದರಾಯಿತೆಂದು ಹಲವರು ಎಣಿಸುತ್ತಾರೆ. ಶಾಶ್ವತ ಹಲ್ಲು ಬಾಯಲ್ಲಿ ಮೂಡುವುದು ಆರೇಳು ವರ್ಷಕ್ಕೆ. ಅದರ ಮೇಲಿನ ಕಲೆಯಾದರೋ ಅದಕ್ಕೆ ಎಷ್ಟೋ ವರ್ಷ ಮೊದಲು, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಆದದ್ದು. ಮಿದುಳು ಅತಿ ವೇಗದಿಂದ ಬೆಳೆಯುವ ಕಾಲ ಗರ್ಭವಾಸ ಮತ್ತು ಮೊದಲ ಎರಡು ವರ್ಷ. ಹಲ್ಲು ಸುದ್ದಿ ಹೇಳುವ ಹೊತ್ತಿಗೆ ಆ ಕಾಲ ಕಳೆದಿರುತ್ತದೆ. ಆದುದರಿಂದ ನೀರಿನ ಪರೀಕ್ಷೆ ಸೊಸೆ ಗರ್ಭಿಣಿಯಾಗುವ ಮುನ್ನವೇ ಆಗಬೇಕು.

ಎದೆಹಾಲಿನ ವಿಷಯದಲ್ಲಿ ತಾಯಂದಿರು ನಿಶ್ಚಿಂತೆಯಿಂದಿರಬಹುದು. ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಹಾಲಿಗೆ ಸೇರುವುದು ಅತ್ಯಲ್ಪ. ಅದೇ ನೀರಿನಲ್ಲಿ ಹಾಲಿನ ಪುಡಿ ಕಲಸಿದರೆ, ರಾಗಿ ಸರಿ ಕಾಯಿಸಿದರೆ ಅಷ್ಟೂ ಫ್ಲೋರೈಡ್ ಕೂಸಿನ ಹೊಟ್ಟೆ ಸೇರುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ಎಷ್ಟೋ ಮನೆಗಳಲ್ಲಿ ಮುದ್ದೆಯ ಎಸರಿಗೂ ಸಾರಿಗೂ ಕೊಳವೆಬಾವಿಯ ನೀರನ್ನೇ ಬಳಸುತ್ತಾರೆ. ಮುದ್ದೆಯಾಗಲಿ ಅನ್ನವಾಗಲಿ ನೀರನ್ನು ಹೀರಿಕೊಂಡೇ ಬೇಯುತ್ತದಲ್ಲವೇ? ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗದು. ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸುವುದಾಗಲಿ ಕ್ಲೋರಿನ್ ಹಾಕುವುದಾಗಲಿ ಇದಕ್ಕೆ ಉಪಾಯವಲ್ಲ. ಸುಸ್ಥಿತಿಯಲ್ಲಿರುವ ಆರ್.ಓ. ಘಟಕ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ. ಹಾಲು, ಮಜ್ಜಿಗೆ, ರಾಗಿಯಲ್ಲಿರುವ ಸುಣ್ಣದ ಅಂಶ ಕರುಳಿನಲ್ಲಿ ಫ್ಲೋರೈಡನ್ನು ಸ್ವಲ್ಪ ಹಿಡಿದಿಡುವುದರಿಂದ ಗರ್ಭಿಣಿಯರಿಗೆ ಅವು ಹಿತ. ಚಹಾ ಸೊಪ್ಪಿನಲ್ಲಿಯೂ ಫ್ಲೋರೈಡ್ ಇರುವುದರಿಂದ ಮಕ್ಕಳಿಗೆ ಚಹಾ ಬೇಡ.

ನೀರಿನ ಪರೀಕ್ಷೆಗೆ ದೂರ ಹೋಗಬೇಕಾದ್ದಿಲ್ಲ. ಜಲಜೀವನ ಮಿಷನ್ ಅಡಿಯಲ್ಲಿ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ನೀಡಿ, ಊರಿನ ಮಹಿಳೆಯರಿಗೇ ತರಬೇತಿ ಕೊಡುವ ವ್ಯವಸ್ಥೆಯಿದೆ. ಅದರಲ್ಲಿ ಫ್ಲೋರೈಡ್ ಹೆಚ್ಚೆಂದು ಕಂಡರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಬೇಕು. ಮಾದರಿಯನ್ನು ಗಾಜಿನ ಸೀಸೆಯಲ್ಲಿ ಹಿಡಿಯದೆ ಶುಚಿಯಾದ ಪ್ಲಾಸ್ಟಿಕ್ ಸೀಸೆಯಲ್ಲಿ ಹಿಡಿದು, ಯಾವ ಕೊಳವೆಬಾವಿಯದೆಂದು ಅದರ ಮೇಲೆ ಬರೆಯಿರಿ. ಮಳೆಗಾಲದಲ್ಲಿ ಸರಿಯಿದ್ದ ನೀರನ್ನು ಬೇಸಿಗೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿರಿ.