ಆಟಗಾರರ ಆಯ್ಕೆಯೂ ಆಮೇಲಿನ ಲೆಕ್ಕವೂ

ಮಳೆಗಾಲ ಹಿಂದಾಗಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ದಿನಗಳು ಸಮೀಪಿಸಿದವೆಂದರೆ ಹೇರೂರು ಕಡೆಯ ಚಹದಂಗಡಿಗಳಲ್ಲಿ ಒಂದೇ ಚರ್ಚೆ. ಹೋದ ವರ್ಷ ಪುಂಡುವೇಷದಲ್ಲಿ ಹೆಸರು ಮಾಡಿದ ಹುಡುಗ ಈ ವರ್ಷ ಯಾವ ಮೇಳಕ್ಕೆ ಹೋಗುವನು? ಆ ಸ್ತ್ರೀವೇಷಧಾರಿಯನ್ನು ಬೇರೆ ಮೇಳದವರು ಮಾತನಾಡಿಸಿದ್ದು ನಿಜವೇ? ಚರ್ಚಿಸುವವರಲ್ಲಿ ಮೇಳದ ಯಜಮಾನರು ಒಬ್ಬರೂ ಇರುವುದಿಲ್ಲ. ಹುಡುಗ ಎಲ್ಲಿಗೆ ಹೋದರೂ ಅವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೂ ಚಹ ಆರುವವರೆಗೆ ವಾದ ನಡೆಯುತ್ತದೆ. ಈ ರುಚಿಯನ್ನು ಬಲ್ಲ ವಾಚಕರಿಗೆ ಅಮೇರಿಕೆಯವರ ಒಂದು ಹವ್ಯಾಸವನ್ನು ವಿವರಿಸುವುದು ಕಷ್ಟವಾಗಲಾರದು.

ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಹುಪಾಲು ಕೈಯಲ್ಲಿಯೇ ಹಿಡಿದು, ತಲೆಗೆ ಶಿರಸ್ತ್ರಾಣ ಧರಿಸಿ, ಎದುರಾಳಿಗಳನ್ನು ನೂಕಿಕೊಂಡು ಮುನ್ನುಗ್ಗುವ ಆಟವದು. ಈ ಆಟಕ್ಕೆ ಅಲ್ಲಿಯ ಕಾಲೇಜುಗಳಲ್ಲಿ ಇರುವ ಮಹತ್ವವನ್ನು ನಾವು ಊಹಿಸುವುದೂ ಕಷ್ಟ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನ ಕುಳಿತು ಆಟ ನೋಡಬಹುದು. ಇಂತಹ ತಂಡಗಳಿಗೆ ಆಳುಗಳು ಬರುವುದು ಹೈಸ್ಕೂಲುಗಳಿಂದ. ಆದುದರಿಂದ ಕಾಲೇಜಿನ ತರಬೇತುದಾರರು ಊರೂರು ತಿರುಗಿ ಹುಡುಗರ ಆಟ ನೋಡುವರು, ಮನೆಗೆ ಹೋಗಿ ತಾಯಿತಂದೆಗಳೊಡನೆ ಮಾತನಾಡುವರು, ವಿದ್ಯಾರ್ಥಿವೇತನ ಕೊಡುವೆವೆಂದು ಕರೆಯುವರು.

ಹೀಗೆ ಕರೆಯಲ್ಪಡುವ ಹುಡುಗರನ್ನು ತೂಗಿ ನೋಡುವುದೇ ಅಲ್ಲಿ ಒಂದು ಉದ್ಯೋಗವಾಗಿದೆ. ಎತ್ತರ, ತೂಕ, ಓಟದ ವೇಗ, ಆಟದ ಚಿತ್ರಗಳನ್ನು ಪರೀಕ್ಷಿಸಿ ಒಬ್ಬೊಬ್ಬನಿಗೂ ಐದರವರೆಗೆ ನಕ್ಷತ್ರಗಳನ್ನು ಕೊಡುವ ಸಂಸ್ಥೆಗಳಿವೆ. ಹುಡುಗನು ತಾನು ಇಂತಹ ಕಾಲೇಜಿಗೆ ಸೇರುವೆನೆಂದು ಸಹಿ ಹಾಕುವ ದಿನಕ್ಕೆ ಹಬ್ಬದ ಕಳೆ. ಹಿಂದೆ ಅದು ಫೆಬ್ರವರಿಯ ಮೊದಲ ಬುಧವಾರ. 2017ರಿಂದ ಡಿಸೆಂಬರಿನಲ್ಲಿಯೂ ಸಹಿ ಹಾಕುವ ಅವಕಾಶವಿದೆ. 2021ರಿಂದ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ವ್ಯಾಪಾರಿಗಳಿಗೆ ಬಳಸಲು ಕೊಟ್ಟು ಹಣ ಪಡೆಯಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಹದಿನೇಳು ವರ್ಷದ ಹುಡುಗನ ಒಂದು ಸಹಿಗಾಗಿ ಊರಿಗೆ ಊರೇ ಉಸಿರು ಬಿಗಿಹಿಡಿದು ಕಾಯುವುದು ನನಗಂತೂ ಸ್ವಲ್ಪ ಅತಿಯಾಗಿಯೇ ಕಾಣುತ್ತದೆ.

ಆದರೆ ಒಂದು ಗುಣವನ್ನು ಒಪ್ಪಲೇಬೇಕು. ಅವರು ಆಯ್ಕೆಯ ದಿನಕ್ಕೇ ಪುಸ್ತಕ ಮುಚ್ಚುವುದಿಲ್ಲ. ಐದು ನಕ್ಷತ್ರದವನು ನಾಲ್ಕು ವರ್ಷಗಳಲ್ಲಿ ಏನಾದನು, ಎರಡು ನಕ್ಷತ್ರದವನು ಎಲ್ಲಿಗೆ ಮುಟ್ಟಿದನು ಎಂಬುದನ್ನು ಬೆನ್ನುಹತ್ತಿ ನೋಡುತ್ತಾರೆ. ಜೆ. ಜೆ. ವಾಟ್ ಎಂಬಾತನಿಗೆ ಹೈಸ್ಕೂಲಿನಲ್ಲಿ ಸಿಕ್ಕಿದ್ದು ಎರಡೇ ನಕ್ಷತ್ರ. ಆತ ಮೊದಲು ಸೇರಿದ ಕಾಲೇಜನ್ನು ಬಿಟ್ಟು, ವಿದ್ಯಾರ್ಥಿವೇತನವಿಲ್ಲದೆಯೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದನು. ಮುಂದೆ ವೃತ್ತಿಪರ ಆಟದಲ್ಲಿ 2012, 2014 ಮತ್ತು 2015ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದನು. ಅಳೆಯುವವರ ಅಳತೆ ತಪ್ಪಿತೆಂಬುದು ಎಲ್ಲರಿಗೂ ತಿಳಿಯಿತು. ಏಕೆಂದರೆ ಲೆಕ್ಕ ಬರೆದಿಟ್ಟಿದ್ದರು.

ಇನ್ನು ನಮ್ಮಲ್ಲಿಗೆ ಬರೋಣ. ನಮ್ಮ ಹೈಸ್ಕೂಲಿನ ಹುಡುಗ ಹುಡುಗಿಯರು ತಾಲೂಕು ಕ್ರೀಡಾಕೂಟದಲ್ಲಿ ಗೆದ್ದರೆ ಶಿರಸಿ ಶೈಕ್ಷಣಿಕ ಜಿಲ್ಲೆಯ ಕೂಟಕ್ಕೆ ಹೋಗುವರು, ಅಲ್ಲಿಂದ ಬೆಳಗಾವಿ ವಿಭಾಗಕ್ಕೆ, ಮತ್ತೆ ರಾಜ್ಯಕ್ಕೆ. ಸರಕಾರದ ಕ್ರೀಡಾನಿಲಯಗಳಿಗೆ ಎತ್ತರ, ಓಟ, ಜಿಗಿತ, ಎಸೆತಗಳನ್ನು ಪರೀಕ್ಷಿಸಿ ಮಕ್ಕಳನ್ನು ಆರಿಸುವರು. ಅಮೇರಿಕೆಯ ಪದ್ಧತಿಗೆ ತೀರ ಸಮೀಪದ್ದು ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯದು. ಡಾ. ಎಂ. ಮೋಹನ ಆಳ್ವರು ಕಟ್ಟಿದ ಆ ಸಂಸ್ಥೆ ಬೇರೆ ಬೇರೆ ಜಿಲ್ಲೆಗಳ ಪ್ರತಿಭಾವಂತ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ವಿದ್ಯೆಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಗೆಲುವುಗಳ ಹಿಂದೆ ಈ ಓಟಗಾರರ ಪಾಲು ದೊಡ್ಡದು.

ಆದರೆ ಆಯ್ಕೆಯ ವಿಷಯದಲ್ಲಿ ನಾವು ಮನೆಯಂಗಳದಲ್ಲಿಯೇ ಕಲಿಯಬೇಕಾದ ಪಾಠ ಬೇರೊಂದಿದೆ. ಅದು ಸಿದ್ದಿ ಮಕ್ಕಳದು.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿಯ ಕಾಡಿನಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕೆಯಿಂದ ಬಂದವರು. ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. 1984ರಲ್ಲಿ ಸ್ಥಾಪಿತವಾದ ಭಾರತೀಯ ಕ್ರೀಡಾ ಪ್ರಾಧಿಕಾರವು ಗುಡ್ಡಗಾಡಿನ, ಕರಾವಳಿಯ, ಆದಿವಾಸಿ ಪ್ರದೇಶಗಳ ಪ್ರತಿಭೆಯನ್ನು ಹುಡುಕಲು ಒಂದು ವಿಶೇಷ ಯೋಜನೆ ಹೂಡಿತು. ಆಗ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ನಮ್ಮ ಕರಾವಳಿಯವರೇ ಆದ ಮಾರ್ಗರೆಟ್ ಆಳ್ವ. 1987ರ ಸುಮಾರಿಗೆ ಸಿದ್ದಿಗಳ ಹಳ್ಳಿಗಳಲ್ಲಿ ಓಟ ಜಿಗಿತಗಳ ಪರೀಕ್ಷೆ ನಡೆದು, ಆಯ್ಕೆಯಾದ ಮಕ್ಕಳು ತರಬೇತಿ ಕೇಂದ್ರಗಳಿಗೆ ಹೊರಟರು. ಕಾಡಿನ ದಾರಿಯಲ್ಲದೆ ಬೇರೆ ದಾರಿ ಕಾಣದ ಮಕ್ಕಳಿಗೆ ಬೂಟು, ಹಾಲು ಮೊಟ್ಟೆಗಳ ಊಟ, ಇಂಗ್ಲಿಷ್ ಹಿಂದಿಗಳ ಆಜ್ಞೆ ಎಲ್ಲವೂ ಹೊಸತು.

ಈ ಯೋಜನೆಯ ಬುಡದಲ್ಲಿದ್ದ ತರ್ಕವೇನು? ಆಫ್ರಿಕೆಯವರು ಜಗತ್ತಿನ ಓಟಗಳಲ್ಲಿ ಗೆಲ್ಲುತ್ತಾರೆ. ಇವರೂ ಆಫ್ರಿಕೆಯ ಮೂಲದವರು. ಆದುದರಿಂದ ಇವರೂ ಗೆಲ್ಲುವರು. ಕೇಳಲು ಸೊಗಸಾಗಿದೆ. ಆದರೆ ಆಫ್ರಿಕ ಖಂಡವೆಂಬುದು ಒಂದು ಊರಲ್ಲ. ಜಗತ್ಪ್ರಸಿದ್ಧರಾದ ಕೀನ್ಯದ ದೂರ ಓಟಗಾರರಲ್ಲಿ ಬಹುಮಂದಿ ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರು ಎತ್ತರದ ಸೀಮೆಯವರು. ಅಲ್ಲಿ ನೂರಾರು ಮಂದಿ ಒಟ್ಟಾಗಿ ದಿನವೂ ಓಡುವರು, ಹಿರಿಯ ಓಟಗಾರರು ಕಣ್ಣೆದುರಿಗೇ ಇರುವರು, ಗೆದ್ದರೆ ಜೀವನಕ್ಕೆ ದಾರಿಯಾಗುವುದು. ಇವೊಂದೂ ನಮ್ಮ ಕಾಡಿನ ಹುಡುಗನಿಗಿರಲಿಲ್ಲ. ಅವನಲ್ಲಿ ಇವರು ನೋಡಿದ್ದು ಅವನ ಅಜ್ಜನ ಅಜ್ಜನನ್ನು.

ಇದೇ ಯೋಜನೆಯ ಇನ್ನೊಂದು ಫಲವನ್ನು ಹೋಲಿಸಿ ನೋಡಬಹುದು. ರಾಜಸ್ಥಾನದ ಉದಯಪುರ ಕಡೆಯ ಆದಿವಾಸಿ ಹುಡುಗ ಲಿಂಬಾ ರಾಮನನ್ನು ಆರಿಸಿದ್ದೂ 1987ರಲ್ಲಿಯೇ. ಆತ ಮರುವರ್ಷವೇ ಸಿಯೋಲ್ ಒಲಿಂಪಿಕ್ಸಿನಲ್ಲಿ ಭಾರತದ ಪರ ಬಾಣ ಬಿಟ್ಟನು. ಬಾರ್ಸಿಲೋನಾ, ಅಟ್ಲಾಂಟಾಗಳಿಗೂ ಹೋದನು. 2012ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದನು. ಬಿದಿರ ಬಿಲ್ಲಿನಿಂದ ಹಕ್ಕಿ ಹೊಡೆದು ಬೆಳೆದವನಿಗೆ ಬಿಲ್ಲನ್ನೇ ಕೈಗೆ ಕೊಟ್ಟರು. ಆತನ ಕೈ ಆಗಲೇ ಬಲ್ಲ ವಿದ್ಯೆಯನ್ನು ಆರಿಸಿದರೇ ಹೊರತು ಕುಲವನ್ನಲ್ಲ. ವ್ಯತ್ಯಾಸವಿರುವುದು ಇಲ್ಲಿಯೇ ಎಂದು ನನ್ನ ಎಣಿಕೆ.

ಹಾಗೆಂದು ಸಿದ್ದಿ ಮಕ್ಕಳು ಸೋತರೆಂದು ಯಾರೂ ತಿಳಿಯಬಾರದು. ಕಮಲಾ ಸಿದ್ದಿಯವರು ಹರ್ಡಲ್ಸ್ ಓಟದಲ್ಲಿ ರಾಷ್ಟ್ರಮಟ್ಟಕ್ಕೇರಿದರು. ಇನ್ನೂ ಕೆಲವರು ಪದಕ ಗಳಿಸಿದರು, ಕ್ರೀಡೆಯ ಬಲದಿಂದ ನೌಕರಿ ಹಿಡಿದರು. ಮಕ್ಕಳು ಪಕ್ವಕ್ಕೆ ಬರುತ್ತಿದ್ದಾಗ, 1990ರ ದಶಕದ ಮೊದಲ ಭಾಗದಲ್ಲಿಯೇ, ಯೋಜನೆಯೇ ನಿಂತಿತು. ಹಲವರು ಮರಳಿ ಹಳ್ಳಿ ಸೇರಿ ಕೂಲಿಗೆ ಹೋದರು. ತೋಟದಲ್ಲಿ ಸಸಿ ನೆಟ್ಟು ಐದಾರು ವರ್ಷ ನೀರುಣಿಸಿ, ಸಿಂಗಾರ ಒಡೆಯುವ ಹೊತ್ತಿಗೆ ನೀರು ನಿಲ್ಲಿಸುವ ಅಡಿಕೆ ಬೆಳೆಗಾರನನ್ನು ನಮ್ಮ ಸೀಮೆಯಲ್ಲಿ ಯಾರಾದರೂ ಕಂಡಿದ್ದೀರಾ? ಸಿದ್ದಿಗಳಿಗೆ ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಮನ್ನಣೆ ದೊರೆತದ್ದು ಸಹ 2003ರಲ್ಲಿ. ಎಂದರೆ ಯೋಜನೆ ನಿಂತು ಸುಮಾರು ಹತ್ತು ವರ್ಷಗಳ ಮೇಲೆ. ಆಟವನ್ನು ಬಿಟ್ಟು ಬಂದವರಿಗೆ ಪರಿಶಿಷ್ಟ ಪಂಗಡದ ಮೀಸಲಾತಿಯ ಆಸರೆಯೂ ಆ ನಡುವಿನ ಕಾಲದಲ್ಲಿ ಇರಲಿಲ್ಲ.

2016ರಿಂದ ಬ್ರಿಜಸ್ ಆಫ್ ಸ್ಪೋರ್ಟ್ಸ್ ಎಂಬ ಖಾಸಗಿ ಸಂಸ್ಥೆ ಮುಂಡಗೋಡದ ಕಡೆ ಮತ್ತೆ ಸಿದ್ದಿ ಮಕ್ಕಳಿಗೂ ಇತರರಿಗೂ ಓಟದ ತರಬೇತಿ ಕೊಡುತ್ತ ಬಂದಿದೆ. ಮಕ್ಕಳನ್ನು ದೂರ ಒಯ್ಯುವ ಬದಲು ಅವರ ಸೀಮೆಯಲ್ಲಿಯೇ ಕಲಿಸುವುದು ನನಗೆ ಹೆಚ್ಚು ವಿವೇಕದ್ದೆಂದು ತೋರುತ್ತದೆ.

ನಮ್ಮ ತಮ್ಮಂದಿರನ್ನೋ ತಂಗಿಯರನ್ನೋ ನಾಳೆ ಯಾವುದೋ ಕ್ರೀಡಾನಿಲಯದವರು ಕರೆದರೆ ತಂದೆತಾಯಿಗಳು ಕೇಳುವುದು ಊಟ ವಸತಿಗಳ ಮಾತನ್ನೇ. ಅದು ಸಹಜ. ಆದರೆ ಕಾಲು ಮುರಿದರೆ ಚಿಕಿತ್ಸೆಯ ವೆಚ್ಚ ಯಾರದು, ಆಟ ಬಿಟ್ಟರೆ ಓದು ಮುಂದುವರಿಯುವುದೇ, ಮೂರು ವರ್ಷಗಳ ಹಿಂದೆ ನೀವು ಆರಿಸಿದ ಮಕ್ಕಳು ಇಂದು ಎಲ್ಲಿದ್ದಾರೆ, ಎಂದೂ ಕೇಳಬೇಕು. ಕಡೆಯ ಪ್ರಶ್ನೆಗೆ ಉತ್ತರ ಬರುವುದು ತಡವಾದರೆ, ಮಗುವನ್ನು ಕಳುಹಿಸುವುದನ್ನೂ ತಡಮಾಡಬಹುದು.

ನಮ್ಮ ಕಾಲೇಜಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ವಿದ್ಯಾರ್ಥಿಗಳಿದ್ದೇವೆ. ತಮ್ಮ ಹೈಸ್ಕೂಲಿನಿಂದ ವಿಭಾಗ ಮಟ್ಟಕ್ಕೆ ಹೋಗಿದ್ದವರ ಹೆಸರು ಪ್ರತಿಯೊಬ್ಬರಿಗೂ ನೆನಪಿರುತ್ತದೆ. ಅವರು ಈಗ ಎಲ್ಲಿದ್ದಾರೆ, ಇನ್ನೂ ಆಡುತ್ತಿದ್ದಾರೆಯೇ, ಬಿಟ್ಟಿದ್ದರೆ ಏಕೆ ಬಿಟ್ಟರು ಎಂಬುದನ್ನು, ಅವರ ಒಪ್ಪಿಗೆ ಪಡೆದು, ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ವ್ಯಾಯಾಮ ವಿಭಾಗದಲ್ಲಿ ಒಂದು ದಾಖಲೆ ಪುಸ್ತಕ ಇಡಬಹುದು. ವರ್ಷಕ್ಕೊಮ್ಮೆ ಅದರ ಸಾರ ಈ ಸಂಚಿಕೆಯಲ್ಲಿ ಅಚ್ಚಾಗಲಿ. ಮೊದಲ ಹಾಳೆಗೆ ನಾನು ನಮ್ಮ ಹೈಸ್ಕೂಲಿನ ನಾಲ್ಕು ಹೆಸರುಗಳನ್ನು ಗುರುತು ಮಾಡಿಕೊಂಡಿದ್ದೇನೆ. ಅವರಲ್ಲಿ ಇಬ್ಬರ ವಿಳಾಸ ಸಿಕ್ಕಿದೆ.