ಓಬವ್ವನ ಕಿಂಡಿಗೂ ಮುಂಚಿನ ಮಾಯಕೊಂಡ

ಚಿತ್ರದುರ್ಗದ ಕೋಟೆ ಹತ್ತಿದವರು ಓಬವ್ವನ ಕಿಂಡಿ ನೋಡದೆ ಇಳಿಯುವುದಿಲ್ಲ. ಹೈದರಾಲಿ, ಒನಕೆ, 1779ರ ಪತನ: ದುರ್ಗದ ಕಥೆಯೆಂದರೆ ಇಷ್ಟೇ ಎಂಬಂತಾಗಿದೆ. ಆದರೆ ಅದಕ್ಕೂ ಮೂವತ್ತೊಂದು ವರ್ಷ ಮೊದಲೇ ದುರ್ಗ ತನ್ನ ದೊರೆಯನ್ನು ರಣರಂಗದಲ್ಲಿ ಕಳೆದುಕೊಂಡಿತ್ತು. ಅದು ನಡೆದದ್ದು ಮಾಯಕೊಂಡದಲ್ಲಿ. ಚಿಕ್ಕಜಾಜೂರಿನಿಂದ ದಾವಣಗೆರೆಗೆ ರೈಲಿನಲ್ಲಿ ಹೋಗುವವರಿಗೆ ನಡುದಾರಿಯಲ್ಲಿ ಸಿಗುವ ಸಣ್ಣ ಊರು.

ದುರ್ಗದ ನಾಯಕರ ಮೂಲಪುರುಷ ತಿಮ್ಮಣ್ಣ ನಾಯಕ ವಿಜಯನಗರದವರಿಂದ ಮೊದಲು ಪಡೆದದ್ದು ಹೊಳಲ್ಕೆರೆ, ಆಮೇಲೆ ಹಿರಿಯೂರು, ಕೊನೆಗೆ ಚಿತ್ರದುರ್ಗ. 1675ರ ಹೊತ್ತಿಗೆ ಚಿಕ್ಕಣ್ಣ ನಾಯಕ ಹೊಸದುರ್ಗದ ಬೆಟ್ಟದ ಮೇಲೂ ಕೋಟೆ ಕಟ್ಟಿಸಿದ. 1721ರಲ್ಲಿ ಪಟ್ಟಕ್ಕೆ ಬಂದ ಹಿರಿಯ ಮದಕರಿ ನಾಯಕ ಸೀಮೆಯನ್ನು ಮೊಳಕಾಲ್ಮೂರಿನಾಚೆಗೂ ಒಯ್ದ. ಅಲ್ಲಿಂದಾಚೆ ರಾಯದುರ್ಗದವರ ನೆಲ. ವಾಯವ್ಯಕ್ಕೆ ಹರಪನಹಳ್ಳಿ, ಪಡುವಲಿಗೆ ಬಿದನೂರು. ಒಬ್ಬರ ಗಡಿ ಬೆಳೆದರೆ ಮತ್ತೊಬ್ಬರ ಕಂದಾಯದ ಹಳ್ಳಿ ಹೋದಂತೆಯೇ. ತಮ್ಮತಮ್ಮಲ್ಲೂ ಜಗಳವಾಡುತ್ತಿದ್ದ ಈ ಮೂವರೂ ಸವಣೂರಿನ ನವಾಬನನ್ನು ಸೇರಿಸಿಕೊಂಡು ದುರ್ಗದ ವಿರುದ್ಧ ಒಂದಾದರು.

ಮದಕರಿಯೂ ಒಂಟಿಯಾಗಿರಲಿಲ್ಲ. ಅವನಿಗೆ ಸಿಕ್ಕ ಜೊತೆಗಾರ ಆರ್ಕಾಟಿನ ಚಂದಾ ಸಾಹೇಬ. ಏಳು ವರ್ಷ ಮರಾಠರ ಸೆರೆಯಲ್ಲಿದ್ದು ಆಗತಾನೆ ಹೊರಬಂದವನು. ಅವನ ಕಣ್ಣಿದ್ದದ್ದು ಆರ್ಕಾಟಿನ ಗದ್ದುಗೆಯ ಮೇಲೆ. ಮಾಯಕೊಂಡ ಯಾರ ಪಾಲಾದರೆ ಅವನಿಗೇನು? ಅವನಿಗೆ ಬೇಕಿದ್ದದ್ದು ಹಣ ಮತ್ತು ದಂಡು, ಮದಕರಿಗೆ ಬೇಕಿದ್ದದ್ದು ಅನುಭವಿ ಪಡೆ. ಮೈತ್ರಿಗೆ ಅಷ್ಟು ಸಾಕಾಯಿತು.

1748ರಲ್ಲಿ ಎರಡೂ ಕಡೆಯವರು ಮಾಯಕೊಂಡದಲ್ಲಿ ಎದುರಾದರು. ಆನೆಯ ಮೇಲೆ ಕುಳಿತ ದೊರೆ ತನ್ನ ಪಡೆಗೆಲ್ಲ ಕಾಣುತ್ತಾನೆ, ಹಗೆಗೂ ಅಷ್ಟೇ ಚೆನ್ನಾಗಿ ಕಾಣುತ್ತಾನೆ. ಹರಪನಹಳ್ಳಿಯ ಸೋಮಶೇಖರ ನಾಯಕ ಮದಕರಿಯನ್ನು ಅವನ ಆನೆಯ ಮೇಲೆಯೇ ಕೊಂದ. ಚಂದಾ ಸಾಹೇಬನ ಮಗನೂ ಸತ್ತ. ಮಗನನ್ನು ಕಳೆದುಕೊಂಡ ತಂದೆ ಮತ್ತೆ ಸೆರೆಯಾದ.

ಮುಂದಿನದು ಕಟ್ಟುಕಥೆಯಂತಿದೆ. ಕಾವಲಿಗಿದ್ದವರನ್ನೇ ಒಲಿಸಿಕೊಂಡು ಬಿಡುಗಡೆ ಪಡೆದ ಚಂದಾ ಸಾಹೇಬ, ಹೈದರಾಬಾದಿನ ಗದ್ದುಗೆಗೆ ಕಾದಾಡುತ್ತಿದ್ದ ಮುಜಫರ್ ಜಂಗ್ ಮತ್ತು ಫ್ರೆಂಚರ ಜೊತೆ ಕೂಡಿದ. 1749ರ ಆಗಸ್ಟ್ 3ರಂದು ಅಂಬೂರಿನಲ್ಲಿ ಆರ್ಕಾಟಿನ ನವಾಬ ಅನ್ವರುದ್ದೀನ್ ಹತನಾದ. ಇಂಗ್ಲಿಷರು ಅನ್ವರುದ್ದೀನನ ಮಗನ ಪರ ನಿಂತರು. ಅದೇ ಎರಡನೇ ಕರ್ನಾಟಿಕ್ ಯುದ್ಧ. 1752ರಲ್ಲಿ ಚಂದಾ ಸಾಹೇಬನ ತಲೆ ಹೋಯಿತು.

ಇತ್ತ ದುರ್ಗದಲ್ಲಿ ಮದಕರಿಯ ನಂತರ ಪಟ್ಟಕ್ಕೆ ಬಂದ ಕಸ್ತೂರಿ ರಂಗಪ್ಪ ನಾಯಕ, ಆ ಸೋಲಿನಲ್ಲಿ ಕೈತಪ್ಪಿದ್ದ ಮಾಯಕೊಂಡವನ್ನು ಮರಳಿ ಗೆದ್ದ. 1754ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಹೊಸದುರ್ಗದ ಸೀಮೆಯ ಜಾನಕಲ್ಲಿನ ಭರಮಪ್ಪನ ಮಗ ಪಟ್ಟಕ್ಕೆ ಬಂದ. ಅವನೇ ಕೊನೆಯ ಮದಕರಿ. ಹಳೆಯ ಹಗೆಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರಾಲಿ ನುಂಗಿದ. ಬಿದನೂರಿನ ಗದ್ದುಗೆ ತನ್ನದೆಂದು ಬಂದವನೊಬ್ಬನನ್ನು ಹೈದರನ ಬಳಿಗೆ ಮುಟ್ಟಿಸಿದ್ದವನು ಇದೇ ಮದಕರಿ. ಹದಿನಾರು ವರ್ಷಕ್ಕೆ ಸರದಿ ದುರ್ಗದ್ದಾಯಿತು. ನನ್ನ ಮಟ್ಟಿಗೆ ದುರ್ಗ ಸೋತದ್ದು ಕಿಂಡಿಯಿಂದಲ್ಲ. ನೆರೆಹೊರೆಯವರೆಲ್ಲ ಒಬ್ಬರನ್ನೊಬ್ಬರು ಸವೆಸಿಕೊಂಡ ಮೇಲೆ ಹೈದರನನ್ನು ತಡೆಯುವವರು ಈ ಬಯಲಿನಲ್ಲಿ ಉಳಿದಿರಲಿಲ್ಲ.

ಅಷ್ಟು ರಕ್ತ ಹರಿಸಿದ ಮಾಯಕೊಂಡ ಈಗ ಚಿತ್ರದುರ್ಗ ಜಿಲ್ಲೆಯಲ್ಲೇ ಇಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದು ಅತ್ತ ಸೇರಿತು. ಹರಪನಹಳ್ಳಿಯೂ ಅದೇ ಜಿಲ್ಲೆಗೆ ಬಂತು. ಇಪ್ಪತ್ತು ವರ್ಷ ಎರಡೂ ಸೀಮೆಯವರು ಒಬ್ಬರೇ ಜಿಲ್ಲಾಧಿಕಾರಿಯ ಕಚೇರಿಗೆ ಅರ್ಜಿ ಹಿಡಿದು ಬರುತ್ತಿದ್ದರು.