ಕ್ಯಾಸೆಟ್ಟಿನಿಂದ ಗ್ರ್ಯಾಮಿಯವರೆಗೆ: ಕನ್ನಡ ನಾಡಿನ ‘ಲಹರಿ’

ಮುಂಬಯಿ: ರಾಜ್ಯೋತ್ಸವ ಬಂತೆಂದರೆ ಮಹಾನಗರದ ಕನ್ನಡ ಸಂಘಗಳ ವೇದಿಕೆಗಳಲ್ಲಿ ಭಾವಗೀತೆ, ಜನಪದ ಗೀತೆ, ಚಿತ್ರಗೀತೆಗಳ ಸಂಭ್ರಮ. ಮಕ್ಕಳ ನೃತ್ಯಕ್ಕೂ ಹವ್ಯಾಸಿ ಗಾಯಕರ ಅಭ್ಯಾಸಕ್ಕೂ ಧ್ವನಿಮುದ್ರಿತ ಹಾಡೇ ಆಧಾರ. ಊರಿಗೆ ಹೋದವರು ಮರಳುವಾಗ ತರುತ್ತಿದ್ದ ಕ್ಯಾಸೆಟ್‌ಗಳು ಎಷ್ಟೋ ಹೊರನಾಡ ಮನೆಗಳಲ್ಲಿ ಕನ್ನಡದ ದನಿಯನ್ನು ಉಳಿಸಿದವು. ಅಂಥ ಕ್ಯಾಸೆಟ್‌ಗಳನ್ನು ಹೊರತಂದ ಸಂಸ್ಥೆಗಳಲ್ಲಿ ಬೆಂಗಳೂರಿನ ಲಹರಿ ರೆಕಾರ್ಡಿಂಗ್ ಕಂಪೆನಿ ಪ್ರಮುಖವಾದುದು.

ದೇಶದ ಧ್ವನಿಮುದ್ರಣ ಉದ್ಯಮ ದಶಕಗಳ ಕಾಲ ಎಚ್‌ಎಂವಿಯ ಹಿಡಿತದಲ್ಲಿತ್ತು. ಅದಕ್ಕೆ ಎದುರಾಗಿ ನಿಂತ ಸ್ವದೇಶಿ ಪ್ರಯತ್ನವೊಂದು ಮುಂಬಯಿಯಲ್ಲೇ ನಡೆದಿತ್ತು. 1935ರಲ್ಲಿ ಆರಂಭವಾದ ನ್ಯಾಷನಲ್ ಗ್ರಾಮೊಫೋನ್ ರೆಕಾರ್ಡ್ ಕಂಪೆನಿ ವಡಾಲದಲ್ಲಿ ‘ಯಂಗ್ ಇಂಡಿಯಾ’ ಹೆಸರಿನ ತಟ್ಟೆಗಳನ್ನು ತಯಾರಿಸುತ್ತಿತ್ತು. 1950ರ ದಶಕದಲ್ಲಿ ಅದು ನಿಂತುಹೋಯಿತು. ಆ ತಟ್ಟೆಗಳು ಇಂದು ಸಂಗ್ರಾಹಕರ ಸೊತ್ತು.

ಜಿ. ಮನೋಹರ ನಾಯ್ಡು ಅವರು 1970ರ ದಶಕದ ಮಧ್ಯದಲ್ಲಿ ‘ಲಹರಿ’ಯನ್ನು ಸ್ಥಾಪಿಸಿದರು. ಅವರ ಸಹೋದರ ತುಳಸಿರಾಮ್ ನಾಯ್ಡು ಇಂದು ‘ಲಹರಿ ವೇಲು’ ಎಂದೇ ಪರಿಚಿತರು. ತಟ್ಟೆಗಿಂತ ಅಗ್ಗವಾದ ಕ್ಯಾಸೆಟ್ ಮನೆಮನೆ ಸೇರಿದಾಗ ಸಣ್ಣ ಸಂಸ್ಥೆಗಳಿಗೂ ಮಾರುಕಟ್ಟೆ ತೆರೆಯಿತು. ಆದರೆ ಚಿತ್ರಗೀತೆಯ ವ್ಯವಹಾರದಲ್ಲಿ ಅಪಾಯ ಕಡಿಮೆಯಿರಲಿಲ್ಲ. ನಿರ್ಮಾಪಕರಿಗೆ ಮುಂಗಡ ಹಣ ಕೊಟ್ಟು ಹಕ್ಕು ಕೊಳ್ಳಬೇಕು. ಹಾಡು ಸೋತರೆ ನಷ್ಟವೆಲ್ಲ ಕಂಪೆನಿಯದೇ.

1987ರಲ್ಲಿ ತೆರೆಕಂಡ ರವಿಚಂದ್ರನ್ ಅವರ ‘ಪ್ರೇಮಲೋಕ’ದ ಹಾಡುಗಳು ಲಹರಿಗೆ ದೊಡ್ಡ ಗೆಲುವು ತಂದವು. ಹಂಸಲೇಖ ಅವರ ಸಾಹಿತ್ಯ, ಸಂಗೀತದ ಈ ಕ್ಯಾಸೆಟ್ ಲಕ್ಷಗಟ್ಟಲೆ ಮಾರಾಟವಾಯಿತು. 1991ರಲ್ಲಿ ಇಳಯರಾಜ ಸಂಗೀತದ ತಮಿಳು ಚಿತ್ರ ‘ದಳಪತಿ’ಯ ಹಕ್ಕನ್ನು 72 ಲಕ್ಷ ರೂ.ಗೆ ಕೊಂಡಾಗ ಉದ್ಯಮವೇ ಬೆರಗಾಯಿತು. 2015ರ ‘ಬಾಹುಬಲಿ’ಗೆ ಸಂಸ್ಥೆ ಕೊಟ್ಟದ್ದು 3 ಕೋಟಿ ರೂ.

ಕ್ಯಾಸೆಟ್ ಹೋಯಿತು, ಸಿ.ಡಿ.ಯೂ ಹೋಯಿತು. ಎಷ್ಟೋ ಕಂಪೆನಿಗಳು ಕಣ್ಮರೆಯಾದರೂ ಲಹರಿ ಉಳಿಯಲು ಮುಖ್ಯ ಕಾರಣ, ಹಾಡುಗಳ ಹಕ್ಕು ಅದರ ಕೈಯಲ್ಲೇ ಇದ್ದುದು. ಅದೇ ಹಾಡುಗಳು ಈಗ ಅಂತರ್ಜಾಲದಲ್ಲಿ ಆದಾಯ ತರುತ್ತಿವೆ. ಸಂಸ್ಥೆ 2021ರಲ್ಲಿ ಹೊರತಂದ, ಬೆಂಗಳೂರಿನ ರಿಕಿ ಕೇಜ್ ಮತ್ತು ಸ್ಟುವರ್ಟ್ ಕೋಪ್‌ಲ್ಯಾಂಡ್ ಅವರ ‘ಡಿವೈನ್ ಟೈಡ್ಸ್’ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಗಳಿಸಿತು. 2023ರಲ್ಲಿ ಮತ್ತೊಂದು ವಿಭಾಗದಲ್ಲೂ ಅದಕ್ಕೇ ಗ್ರ್ಯಾಮಿ ಸಂದಿತು.

ಇದರಲ್ಲಿ ನಮ್ಮ ಸಂಘ ಸಂಸ್ಥೆಗಳಿಗೂ ಪಾಠವಿದೆ. ದೊಡ್ಡ ಕಂಪೆನಿಯ ಹಾಡು ಹೇಗೋ ಉಳಿಯುತ್ತದೆ. ಆದರೆ ಸಂಘದ ನಾಟಕ, ಯಕ್ಷಗಾನ, ಭಜನೆ, ಹಿರಿಯರ ಭಾಷಣಗಳ ಧ್ವನಿಮುದ್ರಿಕೆಗೆ ಬೇರೆ ವಾರಸುದಾರರಿಲ್ಲ. ಮುಂಬಯಿಯ ಮಳೆಗಾಲದ ತೇವಕ್ಕೆ ಟೇಪು ಬೂಸ್ಟು ಹಿಡಿಯುತ್ತದೆ. ಕಪಾಟಿನಲ್ಲಿರುವ ಕ್ಯಾಸೆಟ್‌ಗಳನ್ನು ಗಣಕಕ್ಕೆ ಇಳಿಸಿ, ಹಾಡಿದವರ ಹೆಸರು, ದಿನಾಂಕ ಬರೆದಿಡುವ ಕೆಲಸವನ್ನು ಪ್ರತಿ ಸಂಘವೂ ಕೈಗೊಳ್ಳುವುದು ಅಗತ್ಯ. ಆ ದನಿಗಳನ್ನು ಗುರುತಿಸಬಲ್ಲ ಹಿರಿಯರು ನಮ್ಮೊಂದಿಗಿರುವಾಗಲೇ ಇದು ಆಗಬೇಕು.